ತಗಡಿನ ಮೇಲಿನ ಮೊದಲ ಮಳೆ

ದರ್ಜಿಯ ಮನೆಯಲ್ಲಿ ನೀರಿರಲಿಲ್ಲ. ಏಳು ತಿಂಗಳಿಂದ ಮಳೆ ಬಿದ್ದಿರಲಿಲ್ಲ. ಎರಡು ದಿನಕ್ಕೊಮ್ಮೆ ಟ್ಯಾಂಕರ್ ಬಂದರೆ ಮನೆಗೆ ನಾಲ್ಕು ಕೊಡ ಸಿಗುತ್ತಿತ್ತು.

ಒಂದು ಮಧ್ಯಾಹ್ನ ತಗಡಿನ ಸೂರಿನ ಮೇಲೆ ಹನಿ ಬಿತ್ತು. ದರ್ಜಿ ಹೊಲಿಗೆ ಬಿಟ್ಟು ಎದ್ದು, ಸೂರಿನಿಂದ ಇಳಿಯುವ ಪೈಪನ್ನು ಡ್ರಮ್ಮಿಗೆ ತಿರುಗಿಸಿದ. ಅವನ ತಾಯಿ ಮಳೆಯಲ್ಲೇ ನಿಂತು ಕೈಮುಗಿದಳು.

ಎದುರು ಮನೆಯ ನರ್ಸಮ್ಮ ಬಾಗಿಲಿಂದ ಕೂಗಿದಳು. "ಅಜ್ಜಿ, ಪೈಪ್ ತೆಗೀರಿ. ಅರ್ಧ ಗಂಟೆ ಹರಿದು ಹೋಗ್ಲಿ, ಆಮೇಲೆ ಹಿಡೀರಿ."

"ಏಳು ತಿಂಗಳು ದಾರಿ ಕಾದಿದ್ದೀವಿ. ಬಂದ ನೆಂಟನ್ನ ಬಾಗಿಲಲ್ಲೇ ನಿಲ್ಲಿಸ್ತಾರೇನೇ?"

"ಅಷ್ಟೂ ತಿಂಗಳು ಆ ತಗಡಿನ ಮೇಲೆ ಪಾರಿವಾಳ ಸಂಸಾರ ಮಾಡಿವೆ. ಹಿಕ್ಕೆ, ಧೂಳು ಎಲ್ಲಾ ಈಗ ಕೊಚ್ಚಿ ಬರುತ್ತೆ."

"ಆಕಾಶದ ನೀರಲ್ಲೂ ಕೊಳೆ ಹುಡುಕ್ತಾಳಲ್ಲ ಇವಳು."

"ಆಕಾಶದ್ದಲ್ಲ, ನಿಮ್ಮ ಸೂರಿಂದು. ಹೋಗ್ಲಿ, ಕುದಿಸಿಯಾದ್ರೂ ಕುಡೀರಿ."

"ಸೌದೆ ನಿಮ್ಮಪ್ಪ ತಂದುಕೊಡ್ತಾನಾ?" ಅಜ್ಜಿ ನಕ್ಕಳು. ದರ್ಜಿಯೂ ನಕ್ಕ.

ಬಂದದ್ದನ್ನು ಚೆಲ್ಲಿದರೆ ಮಳೆ ಮುನಿಸಿಕೊಳ್ಳುತ್ತದೆ ಎಂದು ಅಜ್ಜಿ ನಂಬಿದ್ದಳು. ಮೊದಲ ಲೋಟವನ್ನು ನಾಲ್ಕು ವರ್ಷದ ಮೊಮ್ಮಗಳಾದ ಚೂಟಿಗೆ ಕುಡಿಸಿದಳು. ಹಂಚಿದರೆ ಹೆಚ್ಚುತ್ತದೆ ಎಂದು ಅಕ್ಕಪಕ್ಕದ ಮೂರು ಮನೆಗೂ ಒಂದೊಂದು ಬಿಂದಿಗೆ ಕೊಟ್ಟಳು.

ಮೂರನೆಯ ದಿನ ಬೆಳಿಗ್ಗೆ ಚೂಟಿಗೆ ವಾಂತಿ ಭೇದಿ ಶುರುವಾಯಿತು. "ಕುಡಿದದ್ದೆಲ್ಲ ಹೊರಗೇ ಹೋಗ್ತಿದೆ, ಇನ್ನು ಕುಡಿಸಬೇಡ" ಎಂದು ಅಜ್ಜಿ ಸೊಸೆಯ ಕೈಯಿಂದ ಲೋಟ ಕಿತ್ತುಕೊಂಡಳು. ಸಂಜೆ ನರ್ಸಮ್ಮ ಕೆಲಸದಿಂದ ಬರುವಷ್ಟರಲ್ಲಿ ಮಗುವಿನ ಕಣ್ಣು ಗುಳಿಬಿದ್ದಿದ್ದವು.

"ಹೋದಷ್ಟೂ ನೀರು ತುಂಬಬೇಕಿತ್ತು ಅಜ್ಜಿ. ಕುದಿಸಿ ಆರಿಸಿದ ನೀರಿಗೆ ಓಆರ್‌ಎಸ್ ಪುಡಿ ಹಾಕಿ, ಗುಟುಕು ಗುಟುಕಾಗಿ."

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಆಟೋದಲ್ಲೇ, ಮಗು ತೀರಿಹೋಯಿತು.

ಹದಿನೈದು ದಿನದ ಮೇಲೆ ಮತ್ತೆ ಮಳೆ ಬಂತು. ದರ್ಜಿ ಹೊಲಿಗೆ ಯಂತ್ರದ ಮುಂದಿನಿಂದ ಕದಲಲಿಲ್ಲ. ಅಜ್ಜಿಯೇ ಹೋಗಿ ಪೈಪನ್ನು ಡ್ರಮ್ಮಿನಿಂದ ಎಳೆದು ಚರಂಡಿಗೆ ಬಿಟ್ಟಳು. ಕಂದು ನೀರಿನ ಜೊತೆ ಗರಿ, ಹಿಕ್ಕೆ ಹೊರಬಂದವು. ಅವಳು ಅದನ್ನೇ ನೋಡುತ್ತ ನಿಂತಳು.

"ಇನ್ನೂ ಎಷ್ಟು ಹೊತ್ತೇ?" ಎಂದು ನರ್ಸಮ್ಮನನ್ನು ಕೇಳಿದಳು.

"ಇನ್ನೊಂದು ಕಾಲು ಗಂಟೆ. ಆಮೇಲೆ ಹಿಡಿದು ಕುದಿಸಿ."

"ಇಷ್ಟೇನಾ ಕೆಲಸ?"

"ಇಷ್ಟೇ ಅಜ್ಜಿ."

ಓದುತ್ತಿರುವವರೇ, ಮಳೆಗೆ ಕೈಮುಗಿಯಿರಿ, ತಪ್ಪಿಲ್ಲ. ಆದರೆ ಮೋಡ ಕಟ್ಟುವ ಮೊದಲೇ ಸೂರು, ಪೈಪು, ಡ್ರಮ್ಮು ತೊಳೆದಿಡಿ. ಮೊದಲ ನೀರನ್ನು ಹರಿಯಲು ಬಿಡಿ. ಆಮೇಲೆ ಹಿಡಿದದ್ದನ್ನೂ ಕುದಿಸಿಯೇ ಕುಡಿಯಿರಿ. ಭೇದಿಯಾದವರಿಗೆ ನೀರು ನಿಲ್ಲಿಸಬೇಡಿ. ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಸಂಜೆಯವರೆಗೆ ಕಾಯಬೇಡಿ.

ಆ ಡ್ರಮ್ಮಿನ ನೀರು ಕುಡಿದವರು ಹದಿನಾಲ್ಕು ಜನ. ಹಾಸಿಗೆ ಹಿಡಿದವರು ಒಂಬತ್ತು. ಸತ್ತವರು ಇಬ್ಬರು: ಚೂಟಿ, ಮತ್ತು ಪಕ್ಕದ ಮನೆಯ ಮುದುಕ ಬಡಗಿ.