ಮುಂದಿನ ಸೀಟಿನ ಅಮಾನತ್ತು

ಬೆಟ್ಟದೂರು ಪೆರ್ಮೆಟ್‌ನಿಂದ ರಾಜಧಾನಿ ತಿರಾನಾಕ್ಕೆ ಹೊರಡುವ ವ್ಯಾನಿನಲ್ಲಿ ಮುಂದಿನ ಸೀಟು ಯಾರಿಗೆ ಸೇರಬೇಕು ಎಂಬ ಪ್ರಶ್ನೆಯನ್ನು ಹಗುರವಾಗಿ ನೋಡತಕ್ಕದ್ದಲ್ಲ. ಸರ್ಕಾರಗಳು ಬಂದಿವೆ, ಬಿದ್ದಿವೆ. ಗಡಿ ಮುಚ್ಚಿದೆ, ತೆರೆದಿದೆ. ಒಂಟಿಯಾಗಿ ಹೊರಟ ಹೆಂಗಸಿಗೆ ಡ್ರೈವರನ ಪಕ್ಕದ ಸೀಟು ಎಂಬ ಕಾನೂನು ಮಾತ್ರ ಅಲುಗಿಲ್ಲ. ಅದರ ನ್ಯಾಯಾಧೀಶನೂ ಪೊಲೀಸನೂ ಡ್ರೈವರ್ ರೆಫತ್ ಒಬ್ಬನೇ. ಇಬ್ಬರು ಒಂಟಿ ಹೆಂಗಸರು ಬಂದರೆ ಜೋಡಿ ಮಾಡಿ ಕೂರಿಸುತ್ತಿದ್ದ. ಮೂರನೆಯವಳು ಬಂದರೆ ಯಾರಾದರೂ ಗಂಡಸನ್ನು ಎಬ್ಬಿಸಿ ಹಿಂದಕ್ಕೆ ಕಳಿಸುತ್ತಿದ್ದ. ಕಳೆದ ಚಳಿಗಾಲದಲ್ಲಿ ಯಾರದೋ ಮೊಣಕಾಲು ಪಕ್ಕದ ಹುಡುಗಿಯ ಕಡೆ ಅಗತ್ಯಕ್ಕಿಂತ ಹೆಚ್ಚು ಜರುಗಿತೆಂದು ಆ ಮೊಣಕಾಲನ್ನು ಅದರ ಯಜಮಾನನ ಸಮೇತ ತೆಪೆಲೆನಾ ಊರಿನ ಆಚೆ ಇಳಿಸಿ, ತಿರುಗಿಯೂ ನೋಡದೆ ಬಂದಿದ್ದ.

ದೋನಿಕಾಳಿಗೆ ಇಪ್ಪತ್ತೊಂಬತ್ತು ವರ್ಷ. ಪೆರ್ಮೆಟ್‌ನಲ್ಲಿ ರಕ್ತಪರೀಕ್ಷೆಯ ಕೆಲಸ. ಎರಡು ವಾರಕ್ಕೊಮ್ಮೆ ತಿರಾನಾಕ್ಕೆ ಹೋಗಿ ಕಾಯಿಲೆಯ ದೊಡ್ಡಮ್ಮನನ್ನು ನೋಡಿಬರುತ್ತಿದ್ದಳು. ಪ್ರತಿ ಸಲವೂ ಅಣ್ಣ ಆಗ್ರೋನ್ ಅವಳನ್ನು ವ್ಯಾನಿನವರೆಗೆ ಕರೆತಂದು, ರೆಫತ್‌ಗೆ "ಅಮಾನತ್ತು" ಎಂಬ ಒಂದೇ ಮಾತು ಹೇಳಿ ಹೋಗುತ್ತಿದ್ದ. ನಂಬಿ ಒಪ್ಪಿಸಿದ್ದು ಎಂಬರ್ಥದ ಆ ಮಾತು ಸಾಕು. ಔಷಧವೋ, ಕನ್ನಡಕವೋ, ಚೀಸಿನ ಡಬ್ಬವೋ, ಆ ಮಾತು ಹೇಳಿ ಒಪ್ಪಿಸಿದ್ದನ್ನು ರೆಫತ್ ಹೇಳಿದ ಊರಿನಲ್ಲಿ, ಹೇಳಿದವರ ಕೈಗೇ ಮುಟ್ಟಿಸುತ್ತಿದ್ದ. ದೋನಿಕಾಳೂ ಹಾಗೆಯೇ ದೊಡ್ಡಮ್ಮನ ಬಾಗಿಲು ಮುಟ್ಟುತ್ತಿದ್ದಳು. ಚೀಸಿಗೂ ಅವಳಿಗೂ ಇದ್ದ ವ್ಯತ್ಯಾಸವೆಂದರೆ, ಚೀಸಿಗೆ ನಡುವೆ ಎಲ್ಲಾದರೂ ಇಳಿಯುವ ಆಸೆ ಇರಲಿಲ್ಲ.

ದೋನಿಕಾಳಿಗಿತ್ತು. ಹಾದಿಯಲ್ಲೇ ಸಿಗುವ ಲುಷ್ನ್ಯಾದಲ್ಲಿ ಒಬ್ಬ ಡಾಕ್ಟರಮ್ಮ ಹೊಸ ಪ್ರಯೋಗಾಲಯ ತೆರೆದಿದ್ದರು. ಇರುವುದು ಒಂದು ಹುದ್ದೆ. ಶುಕ್ರವಾರ ಹನ್ನೊಂದಕ್ಕೆ ಬಂದು ಮಾತಾಡು, ಬರದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಬರೆದಿದ್ದರು. ಅಣ್ಣನ ಕಿವಿಗೆ ಈ ಸುದ್ದಿ ಹಾಕಿದಾಗ ಅವನು ಬೈಯಲಿಲ್ಲ. ಲುಷ್ನ್ಯಾದಲ್ಲಿ ನಮಗೆ ಯಾರಿದ್ದಾರೆ ಎಂದು ಕೇಳಿದ, ಅಷ್ಟೇ. ಯಾರೂ ಇರಲಿಲ್ಲ. ಮಾತು ಅಲ್ಲಿಗೆ ಮುಗಿಯಿತು. ಆಗ್ರೋನ್ ಕೆಟ್ಟವನಲ್ಲ, ಪುಕ್ಕಲ. ತಂಗಿಯ ವಿಷಯ ಬಂದಾಗ ಇವೆರಡನ್ನೂ ಬೇರೆ ಮಾಡಿ ನೋಡುವುದು ಕಷ್ಟ. ಹಿಂದಿನ ಸಲ ದೋನಿಕಾ, ಲುಷ್ನ್ಯಾದಲ್ಲಿ ಅರ್ಧ ಗಂಟೆ ಇಳಿಯಬಹುದೇ ಎಂದು ರೆಫತ್‌ನನ್ನೇ ಕೇಳಿ ನೋಡಿದ್ದಳು. ಬೇರೆಯವರ ಕಾಗದ ಒಡೆದು ಓದು ಎಂದು ತನಗೆ ಹೇಳಿದಷ್ಟು ನೊಂದುಕೊಂಡು, ಅವಳು ಮಾತು ಮುಗಿಸುವ ಮೊದಲೇ ಅವನು ಆಗ್ರೋನ್‌ಗೆ ಫೋನು ಹಚ್ಚಿದ್ದ.

ಆ ಶುಕ್ರವಾರ ಬೆಳಿಗ್ಗೆ ಆರೂವರೆಗೆ ಆಗ್ರೋನ್ ಎಂದಿನ ಮಾತು ಹೇಳಿದ ಮೇಲೆ ದೋನಿಕಾ ಚೀಲದಿಂದ ಒಂದು ಸೀಸೆ ತೆಗೆದಳು. ಎಳೆ ಅಕ್ರೋಟನ್ನು ಇಡಿಯಾಗಿ ಸಕ್ಕರೆ ಪಾಕದಲ್ಲಿ ಬೇಯಿಸಿದ, ಅವಳ ಕೈಯದೇ ಗ್ಲಿಕೊ. ಮೇಲೆ ಚೀಟಿ ಅಂಟಿಸಿತ್ತು. ಲುಷ್ನ್ಯಾಕ್ಕೆ, ಅಮಾನತ್ತು, ಎಂದಳು. ರೆಫತ್ ಚೀಟಿಯ ಕಡೆ ಕಣ್ಣೂ ಹಾಯಿಸದೆ, ತಲುಪುತ್ತೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಸೀಸೆಯನ್ನು ಕಾಲ ಬಳಿ ಭದ್ರಪಡಿಸಿದ. ಬರಲಾಗದ್ದಕ್ಕೆ ಡಾಕ್ಟರಮ್ಮನಿಗೆ ಸಿಹಿ ಕಳಿಸುತ್ತಿದ್ದಾಳೆ, ತಂಗಿ ಮನೆಗೆಲಸದಲ್ಲಿ ಮನಸ್ಸಿಟ್ಟಳೆಂದು ಆಗ್ರೋನ್‌ಗೂ ಸಮಾಧಾನವಾಯಿತು.

ವ್ಯಾನಿನಲ್ಲಿ ಬೆನ್ನಿಗೆ ಗಂಟು ಹೊತ್ತ ಇಬ್ಬರು ಜರ್ಮನ್ ಹುಡುಗಿಯರಿದ್ದರು. ಅವರಿಗಾಗಿ ರೆಫತ್ ಗಂಡ ಹೆಂಡತಿಯನ್ನೇ ಅಗಲಿಸಿ ಜಾಗ ಮಾಡಿದ್ದ. ನದಿಯ ಫೋಟೊ ಬೇಕೆಂದರು; ವ್ಯಾನು ನಿಂತಿತು. ಒರತೆಯಲ್ಲಿ ಕಾಲು ತೊಳೆಯಬೇಕೆಂದರು, ನಿಂತಿತು. ಅಂಜೂರ ಕಂಡಲ್ಲೂ ನಿಂತಿತು. ದೋನಿಕಾ ಗಡಿಯಾರ ನೋಡುತ್ತ ಕೂತಳು. ಅವರಲ್ಲೊಬ್ಬಳಿಗೆ ಇಟಾಲಿಯನ್ ಬರುತ್ತಿತ್ತು. ಆ ಭಾಷೆಯ ಟಿವಿ ನೋಡಿ ಬೆಳೆದ ದೋನಿಕಾಳಿಗೂ ಬರುತ್ತಿತ್ತು. ಇಲ್ಲಿ ಹೆಂಗಸರಿಗೆ ಒಬ್ಬರೇ ಓಡಾಡಲು ಭಯವಾಗುವುದಿಲ್ಲವೇ ಎಂದು ಆ ಹುಡುಗಿ ಪುಸ್ತಕ ತೆರೆದಿಟ್ಟು ಕೇಳಿದಳು. ಇಲ್ಲವೇ ಇಲ್ಲ, ಕಳೆದುಹೋಗಬೇಕೆಂದರೂ ಬಿಡುವವರಿಲ್ಲ, ಎಂದಳು ದೋನಿಕಾ. ಹುಡುಗಿ ಮೊದಲ ಅರ್ಧ ಬರೆದುಕೊಂಡು ಪುಸ್ತಕ ಮುಚ್ಚಿದಳು.

ಫಿಯೆರ್ ಊರು ದಾಟಿದ ಮೇಲೆ ರೆಫತ್ ಕೇಳಿದ, "ಲುಷ್ನ್ಯಾದಲ್ಲಿ ಸೀಸೆಗೆ ಯಾರು ಬರ್ತಾರೆ ಮಗಳೇ?"

"ಚೀಟಿ ಓದಿ ಚಿಕ್ಕಪ್ಪ."

ರೆಫತ್ ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಿ, ಸೀಸೆಯನ್ನು ಮುಖದ ಹತ್ತಿರ ಹಿಡಿದು ಓದಿದ. ಅಂಚೆ ಕಚೇರಿಯ ಎದುರಿನ ಪ್ರಯೋಗಾಲಯ, ಲುಷ್ನ್ಯಾ. ಕೆಳಗೆ ಪಡೆಯುವವರ ಹೆಸರು. ಎರಡು ಸಲ ಓದಿದ.

"ಇದು ನಿನ್ ಹೆಸರೇ ಅಲ್ವಾ?"

"ನಂದೇ."

"ಮತ್ತೆ ಇಲ್ಲೇ ಹಿಡಿ."

"ಇಲ್ಲಿ ಹ್ಯಾಗೆ ತಗೊಳ್ಲಿ? ಇದು ಹೆದ್ದಾರಿ. ಚೀಟೀಲಿ ಲುಷ್ನ್ಯಾ ಅಂತಿದೆ. ಅಮಾನತ್ತು ಅಂದೆ, ತಲುಪುತ್ತೆ ಅಂದ್ರಿ."

"ಅಂದಿದ್ದು ಹೌದು," ಎಂದಳು ಹಿಂದಿನ ಸೀಟಿನ ಮುದುಕಿ ನೆಸಿಬೆ, ನಿದ್ದೆಯಿಂದ ಎದ್ದವಳಂತೆ ನಟಿಸುತ್ತ. "ಇಪ್ಪತ್ತು ವರ್ಷದಿಂದ ನಿನ್ ವ್ಯಾನಲ್ಲೇ ಓಡಾಡ್ತಿದೀನಿ ರೆಫತ್. ನೀನು ಅಮಾನತ್ತನ್ನ ಅರ್ಧ ದಾರೀಲಿ ಕೈಬಿಟ್ಟಿದ್ದು ನೋಡಿರ್ಲಿಲ್ಲ. ಅದನ್ನೂ ನೋಡೋ ಭಾಗ್ಯ ಬಂತಾ ಅಂತ."

ರೆಫತ್‌ನ ಕಿವಿ ಕೆಂಪಾಯಿತು. "ಇವಳ ಅಣ್ಣಾನೂ ಒಂದು ಒಪ್ಪಿಸಿದಾನೆ. ಅದನ್ನೇನ್ ಮಾಡ್ಲಿ?"

"ಅದನ್ನ ತಿರಾನಾಕ್ಕೆ ತಲುಪಿಸಿ, ಬೇಡ ಅಂದೋರ್ಯಾರು?" ಎಂದಳು ದೋನಿಕಾ. "ಲುಷ್ನ್ಯಾ ಮೊದಲು ಬರುತ್ತೆ, ಅದಕ್ಕೆ ನಾನೇನ್ ಮಾಡ್ಲಿ." ಆಮೇಲೆ ದನಿ ತಗ್ಗಿಸಿದಳು. "ಚಿಕ್ಕಪ್ಪ, ನಿಮ್ ಪಕ್ಕ ಕೂತು ನಂಗೆ ಒಂದ್ ದಿನಾನೂ ಹೆದರಿಕೆ ಆಗಿಲ್ಲ. ಇಳೀತೀನಿ ಅನ್ನೋಕೇ ಹೆದರಿಕೆ ಆಗೋದು."

ರೆಫತ್ ಸೀಸೆಯನ್ನು ಮತ್ತೆ ಕಾಲ ಬಳಿ ಇಟ್ಟ. ಕನ್ನಡಿಯಲ್ಲಿ ನೆಸಿಬೆಯನ್ನು ನೋಡಿದ. ಆಕೆ ಅವನನ್ನೇ ನೋಡುತ್ತಿದ್ದಳು. ಲುಷ್ನ್ಯಾದವರೆಗೆ ಅವನು ಓಡಿಸಿದ ವೇಗ ಮಾತ್ರ ಯಾವ ಕಾನೂನಿಗೂ ಹೊಂದುವಂಥದ್ದಲ್ಲ.

ಹನ್ನೊಂದಕ್ಕೆ ಐದು ನಿಮಿಷವಿತ್ತು. ರೆಫತ್ ಸೀಸೆಯನ್ನು ತಾನೇ ಹಿಡಿದು ರಸ್ತೆ ದಾಟಿದ. ದೋನಿಕಾ ಹಿಂದೆ ಹಿಂದೆ ನಡೆದಳು. ಪ್ರಯೋಗಾಲಯದ ಹೊಸ್ತಿಲ ಮೇಲೆ ಅವಳನ್ನು ನಿಲ್ಲಿಸಿ, ಹೆಸರು ಕೇಳಿ, ಅವಳು ಹೆಸರು ಹೇಳಿದ ಮೇಲೆಯೇ ಅವಳ ಕೈಗೆ ಕೊಟ್ಟ. ಎದುರಿನ ಹೋಟೆಲಿನಲ್ಲಿ ಇಡೀ ವ್ಯಾನು ಕಾಫಿಗೆ ಕೂತಿತು. ಜರ್ಮನ್ ಹುಡುಗಿಯರು ಇದು ಈ ದೇಶದ ಪದ್ಧತಿ ಎಂದುಕೊಂಡು ಖುಷಿಪಟ್ಟರು. ರೆಫತ್ ಕಾಫಿ ಕುಡಿಯಲಿಲ್ಲ. ಗಾಜಿನ ಬಾಗಿಲಿನಾಚೆ ಬಿಳಿ ಕೋಟಿನ ಹೆಂಗಸಿನ ಎದುರು ಕೂತು, ಕೈ ಆಡಿಸುತ್ತ ಏನನ್ನೋ ವಿವರಿಸುತ್ತಿದ್ದ ದೋನಿಕಾಳ ಮೇಲಿಂದ ಕಣ್ಣು ಕೀಳಲಿಲ್ಲ. ಅವಳು ಅಷ್ಟು ಮಾತಾಡುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ.

ಆಗ್ರೋನ್‌ನ ಫೋನು ಬಂತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ರೆಫತ್ ಗಾಜಿನ ಬಾಗಿಲ ಕಡೆಗೇ ನೋಡುತ್ತ ಫೋನು ಎತ್ತಿದ.

"ನನ್ ಕಣ್ಣೆದುರಿಗೇ ಇದಾಳೆ," ಎಂದ. "ಹುಷಾರಾಗಿದಾಳೆ."

ನಲವತ್ತು ನಿಮಿಷ ತಡವಾಗಿ ವ್ಯಾನು ತಿರಾನಾ ಸೇರಿತು. ರೆಫತ್ ದೋನಿಕಾಳನ್ನು ದೊಡ್ಡಮ್ಮನ ಬಾಗಿಲಲ್ಲಿ ಬಿಟ್ಟು, ಆಗ್ರೋನ್‌ಗೆ ಎಲ್ಲವನ್ನೂ ತಾನೇ ಫೋನಿನಲ್ಲಿ ಹೇಳಿದ. ಸೆಪ್ಟೆಂಬರ್ ಒಂದರಂದು ದೋನಿಕಾ ಲುಷ್ನ್ಯಾದಲ್ಲಿ ಕೆಲಸಕ್ಕೆ ಸೇರಿದಳು. ಆಗ್ರೋನ್ ಅವಳ ಜೊತೆ ಎರಡು ತಿಂಗಳು ಮಾತಾಡಲಿಲ್ಲ. ರೆಫತ್ ಜೊತೆ ಇನ್ನೂ ಮಾತಾಡುತ್ತಿಲ್ಲ.