ಅಕ್ಕನ ಕೆಳದವಡೆ

ನಾನು ರೋಗಿಗಳನ್ನು ಬೈಯುವ ದಂತವೈದ್ಯ. ಬೈಸಿಕೊಂಡವರ ಪೈಕಿ ಮೊದಲ ಸ್ಥಾನ ನನ್ನ ಅಕ್ಕನದು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳು. ಓದುವ ಕಾಲದಲ್ಲಿ ನಾನು ಮೊದಲ ಸಲ ಸೂಜಿ ಹಿಡಿದು ನಡುಗುತ್ತಿದ್ದಾಗ, ಬೇರೆ ಯಾರೂ ಕೂರಲು ಒಪ್ಪದ ಕುರ್ಚಿಯಲ್ಲಿ ಕೂತು ಬಾಯಿ ತೆರೆದವಳೂ ಅವಳೇ.

ನಾಲ್ಕು ವರ್ಷದ ಹಿಂದೆ ಅವಳ ಕೆಳದವಡೆಗೆ ಇಂಪ್ಲಾಂಟ್ ಹಾಕಿದ್ದೆ. ಮೂಳೆಯೊಳಗೊಂದು ಸ್ಕ್ರೂ, ಅದರ ಮೇಲೆ ಸಿಮೆಂಟಿನಿಂದ ಅಂಟಿಸಿದ ಹಲ್ಲಿನ ಕ್ಯಾಪು. ವರ್ಷ ತುಂಬುವುದರೊಳಗೆ ಸುತ್ತಲಿನ ಒಸಡು ಊದಿಕೊಂಡಿತು, ರಕ್ತ ಬಂತು, ಆಮೇಲೆ ಕೀವು. "ಸರಿಯಾಗಿ ಉಜ್ಜು ಅಂದ್ರೆ ಕಿವಿಗೇ ಹಾಕ್ಕೊಳಲ್ಲ ನೀನು" ಎಂದು ಬಂದಾಗಲೆಲ್ಲ ರೇಗಿದೆ, ಮೇಲೆ ಮೇಲೆ ಕ್ಲೀನ್ ಮಾಡಿ ಕಳಿಸಿದೆ. ಅವಳು ದಿನಕ್ಕೆ ನಾಲ್ಕು ಸಲ ಉಜ್ಜತೊಡಗಿದಳು. ಹೊಸ ಬ್ರಷ್ಷು ವಾರಕ್ಕೇ ಕೆದರಿಹೋಗುತ್ತಿತ್ತು.

ಕಳೆದ ವಾರದ ಎಕ್ಸ್‌ರೇಯಲ್ಲಿ ಸ್ಕ್ರೂವಿನ ಅರ್ಧದವರೆಗೆ ಮೂಳೆಯೇ ಇರಲಿಲ್ಲ. ಉಳಿದದ್ದೂ ಕರಗಿದರೆ ಸ್ಕ್ರೂ ಹೋಗುತ್ತದೆ, ಇನ್ನೊಂದನ್ನು ಕೂರಿಸಲು ಜಾಗವೂ ಉಳಿಯುವುದಿಲ್ಲ. ಒಸಡು ಬಿಡಿಸಿ ನೋಡದೆ ಬೇರೆ ದಾರಿಯಿರಲಿಲ್ಲ.

ಇವತ್ತು ಮರಗಟ್ಟಿಸಿ, ಒಸಡು ಸರಿಸಿ, ಕೆಟ್ಟ ಮಾಂಸವನ್ನು ಕೆರೆದು ತೆಗೆಯುತ್ತಿದ್ದೆ. ನಾಲಿಗೆಯ ಕಡೆ, ಎಕ್ಸ್‌ರೇಗೆ ಕಾಣದಂತೆ ಸ್ಕ್ರೂವಿನ ಹಿಂದೆ, ಗಟ್ಟಿಯಾದದ್ದೇನೋ ತಾಗಿತು. ತೆಗೆದು ಟ್ರೇಯ ಮೇಲಿಟ್ಟೆ. ನುಚ್ಚಕ್ಕಿಯಷ್ಟು ಬಿಳಿ ಚೂರು. ಕ್ಯಾಪು ಅಂಟಿಸಿದ ದಿನ ಹೊರಗೆ ಉಕ್ಕಿ ಒಸಡಿನೊಳಗೆ ಉಳಿದ ನನ್ನದೇ ಸಿಮೆಂಟು.

ಬೇರೆಯವರಿಗಾದರೆ ಅಂಟಿಸಿದ ಮೇಲೆ ದಾರ ಎಳೆದು, ಸುತ್ತಲೂ ಕೆದಕಿ ನೋಡಿಯೇ ಕಳಿಸುತ್ತೇನೆ. ಅಕ್ಕ ಮನೆಯವಳು ತಾನೆ, ಎಲ್ಲಿಗೆ ಹೋಗುತ್ತಾಳೆ ಎಂದು ಅವಳದನ್ನು ಊಟದ ಬಿಡುವಿನಲ್ಲಿ ಹತ್ತು ನಿಮಿಷಕ್ಕೆ ಮುಗಿಸಿದ್ದೆ. ಮೂರು ವರ್ಷ ನಾನು ಬೈಯುತ್ತಿದ್ದಾಗಲೆಲ್ಲ ಈ ಚೂರು ಒಳಗೇ ಕೂತು ಕೀವು ತರಿಸುತ್ತಿತ್ತು.

ನರ್ಸ್ ಟ್ರೇ ನೋಡಿದಳು, ನನ್ನನ್ನು ನೋಡಿದಳು. ಸ್ಕ್ರೂ ಉಜ್ಜಿ ತೊಳೆದು, ಹಳ್ಳಕ್ಕೆ ಮೂಳೆಪುಡಿ ತುಂಬಿ ಹೊಲಿಗೆ ಹಾಕಿದೆ.

"ಹಲ್ಲು ಉಳಿಯುತ್ತೇನೋ?" ಅಕ್ಕ ಎದ್ದು ಕೂತು ಕೇಳಿದಳು.

"ನೋಡೋಣ. ಹೋದ ಮೂಳೆ ಪೂರ್ತಿ ವಾಪಸ್ ಬರಲ್ಲ."

"ನನ್ನದೇ ಸೋಮಾರಿತನ ಬಿಡು. ನೀನು ಬಡ್ಕೊಂಡೆ, ನಾನು ಕೇಳಲಿಲ್ಲ."

ಕೈಗವಸು ಬಿಚ್ಚುವ ನೆಪದಲ್ಲಿ ಮುಖ ತಿರುಗಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು. ತಿರುಗಿ ನೋಡುವಷ್ಟರಲ್ಲಿ ಅವಳು ಹೊರಗೆ ಹೋಗಿದ್ದಳು.

ಬಾಗಿಲಾಚೆ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಮುದುಕಿಗೆ ಅವಳು ಸೊಟ್ಟಗಾದ ಬಾಯಲ್ಲೇ ಹೇಳುವುದು ಕೇಳಿಸಿತು. "ಡಾಕ್ಟ್ರು ಹೇಳಿದ ಹಾಗೆ ಮಾಡಿ ಅಜ್ಜಿ. ನನ್ನ ತಮ್ಮನೇ ಅವನು. ಅವನ ಕೈಗೆ ಕೆಟ್ಟ ಹೆಸರು ತಂದವಳು ನಾನೊಬ್ಬಳೇ."

ಟ್ರೇ ಎತ್ತಲು ಬಂದ ನರ್ಸನ್ನು ತಡೆದೆ. ಬಾಗಿಲಿಗೆ ಹೋಗಿ, "ಅಕ್ಕಾ, ಸ್ವಲ್ಪ ಒಳಗೆ ಬಾ" ಎಂದೆ.

"ಯಾಕೋ, ಇನ್ನೂ ಏನಾದ್ರೂ ಉಳ್ಕೊಂಡಿದ್ಯಾ?" ಎನ್ನುತ್ತ ಗಾಬರಿಯಿಂದ ಬಂದಳು. ನಾನು ಮಾತು ಹುಡುಕುವಷ್ಟರಲ್ಲಿ ಕುರ್ಚಿಯಲ್ಲಿ ಒರಗಿ, ಕಣ್ಣು ಮುಚ್ಚಿ, ಬಾಯಿ ತೆರೆದಳು.