ಎಡಕ್ಕೆ ವಾಲಿದ ಗೀರುಗಳು

ವಸ್ತುಸಂಗ್ರಹಾಲಯದ ಅಧಿಕಾರಿಣಿ ಆ ಕತ್ತಿಯನ್ನು ನನ್ನ ಮೇಜಿನ ಮೇಲೆ ಬಿಚ್ಚಿಟ್ಟಾಗ ನನ್ನ ಬಾಯಿ ಕಟ್ಟಿಹೋಯಿತು. ಸುಮ್ಮನಿರುವ ಜಾಯಮಾನ ನನ್ನದಲ್ಲ. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ. ಯಾವುದೋ ಕಾಲದ ರಾಜ ದರ್ಬಾರಿನಲ್ಲಿ ಕೂತಾಗ ಪಕ್ಕದಲ್ಲಿ ಸೇವಕರು ಹಿಡಿದು ನಿಲ್ಲುತ್ತಿದ್ದ ಕತ್ತಿಯಂತೆ ಅದು, ಯಾರ ಕುತ್ತಿಗೆಯನ್ನೂ ಕಡಿದದ್ದಲ್ಲ. ಉಕ್ಕಿನ ಹಿಡಿಯ ಬುಡದಿಂದ ಕೂದಲೆಳೆಯ ಚಿನ್ನದ ತಂತಿಯ ಬಳ್ಳಿಯೊಂದು ಹೊರಟು, ಏಳು ಸುತ್ತು ಸುತ್ತಿ, ಎಲ್ಲೂ ತನ್ನನ್ನು ತಾನು ದಾಟದೆ, ತುದಿಯ ಮೊಗ್ಗಿನಲ್ಲಿ ಮುಗಿಯುತ್ತಿತ್ತು. ನಲವತ್ತು ವರ್ಷ ಉಕ್ಕಿಗೆ ಚಿನ್ನ ಕೂರಿಸಿದವನು ನಾನು. ಎಲೆಗಳನ್ನು ಎಣಿಸಲು ಹೋಗಿ, ಮುನ್ನೂರರ ಹತ್ತಿರ ತಪ್ಪಿ, ಕೈ ಮುಗಿದುಬಿಟ್ಟೆ.

ಮೂರೇ ಮೂರು ಎಲೆ ಉದುರಿದ್ದವು. ಹಿಡಿಗೂ, ಬೆರಳು ಕಾಯುವ ಬಾಗಿದ ಪಟ್ಟಿಗೂ ನಡುವಿನ ಇಕ್ಕಟ್ಟಿನಲ್ಲಿ.

"ಸೋಮವಾರ ಪ್ರದರ್ಶನ ಶುರು," ಎಂದರು ಅಧಿಕಾರಿಣಿ. "ಆಗ್ಲಿಲ್ಲ ಅಂದ್ರೆ ಈ ಮಗ್ಗುಲನ್ನ ಗೋಡೆ ಕಡೆ ತಿರುಗಿಸಿ ಇಡ್ತೀವಿ."

ಅಂಥ ಕತ್ತಿಗೆ ಗೋಡೆ ನೋಡುವ ಶಿಕ್ಷೆ! ನನಗೆ ಮೈಯೆಲ್ಲ ಉರಿಯಿತು. "ಮೂರು ಎಲೆ ತಾನೇ? ನೀರು ಕುಡಿದಷ್ಟು ಸುಲಭ," ಎಂದು ಹೇಳಿ ಕಳಿಸಿದೆ.

ನಮ್ಮ ಕೆಲಸದಲ್ಲಿ ಅಂಟಿಲ್ಲ, ಬೆಸುಗೆಯಿಲ್ಲ. ಉಕ್ಕಿನ ಮೇಲೆ ಸಣ್ಣ ಚಾಕುವಿನಿಂದ ಒತ್ತೊತ್ತಾಗಿ ಗೀರು ಎಳೆಯುತ್ತೇವೆ. ಮೇಲೆ ತಂತಿಯಿಟ್ಟು ಮೆಲ್ಲಗೆ ಬಡಿದರೆ ಗೀರುಗಳು ಚಿನ್ನವನ್ನು ಕಚ್ಚಿಕೊಳ್ಳುತ್ತವೆ. ಬಲಗೈ ಎಳೆದ ಗೀರು ಬಲಕ್ಕೆ ವಾಲುತ್ತದೆ, ಎಡಗೈಯದು ಎಡಕ್ಕೆ. ನಮ್ಮ ಮನೆಯಲ್ಲಿ ಎಲ್ಲರ ಗೀರೂ ಬಲಕ್ಕೇ ವಾಲಬೇಕು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಮುಗಿಸಿದರೂ ಹೊಳಪು ಒಂದೇ ಇರಬೇಕಲ್ಲ. ನನ್ನ ಮಗಳು ಎಡಚಿಯಾಗಿ ಹುಟ್ಟಿದಳು. ಆರನೇ ವರ್ಷಕ್ಕೆ ಅವಳ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ ಬಲಗೈಗೆ ಚಾಕು ಕೊಟ್ಟೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಅತ್ತಳು, ಕಲಿತಳು. ಈಗ ಮೂವತ್ತು ದಾಟಿದ್ದಾಳೆ. ಕೆಲಸ ಅಚ್ಚುಕಟ್ಟು, ಆದರೆ ಜೀವ ಇಲ್ಲ ಎಂದು ನಾನೇ ಎಷ್ಟೋ ಸಲ ಮೂದಲಿಸಿದ್ದೇನೆ.

ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಕೂತೆ. ಕೈ ಒಳಗೆ ಹೋಗಲಿಲ್ಲ. ಕತ್ತಿಯನ್ನು ತಿರುಗಿಸಿದೆ, ನಾನೇ ಮೇಜಿನ ಸುತ್ತ ತಿರುಗಿದೆ, ಹೇಗೆ ಕೂತರೂ ಆ ಪಟ್ಟಿ ಮಣಿಕಟ್ಟಿಗೆ ಅಡ್ಡ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ಕತ್ತಿ ಮಾಡಿದವನನ್ನೇ ಬೈದೆ. ಕೊನೆಗೆ ಭೂತಗನ್ನಡಿ ಹಿಡಿದು ಎಲೆ ಉದುರಿದ ಜಾಗವನ್ನು ನೋಡಿದೆ. ಸವೆದಿದ್ದರೂ ಹಳೆಯ ಗೀರುಗಳು ಕಾಣುತ್ತಿದ್ದವು. ಎಲ್ಲವೂ ಎಡಕ್ಕೆ ವಾಲಿದ್ದವು.

ಚಿನ್ನದ ಅಂಚಿನಲ್ಲಿ ಇಣುಕುವ ಗೀರುಗಳನ್ನೆಲ್ಲ ಬುಡದಿಂದ ತುದಿಯವರೆಗೆ ನೋಡುತ್ತ ಹೋದೆ. ಏಳು ಸುತ್ತೂ ಎಡಗೈಯದೇ. ಮುನ್ನೂರು ಎಲೆ, ಒಂದು ಗೀರೂ ಹಾದಿ ತಪ್ಪಿಲ್ಲ. ಇಂಥದ್ದನ್ನು ನನ್ನ ಅಪ್ಪ ಮಾಡಿರಲಿಲ್ಲ, ಅವರಪ್ಪನೂ ಮಾಡಿರಲಿಲ್ಲ. ಈ ಕೈ ನಮ್ಮ ಮನೆಯಲ್ಲಿ ಹುಟ್ಟಿದ್ದರೆ ಅದನ್ನೂ ನಾನು ಬೆನ್ನ ಹಿಂದೆ ಕಟ್ಟುತ್ತಿದ್ದೆ ಎಂದು ಆಗ ಹೊಳೆಯಿತು.

ಮಗಳನ್ನು ಕರೆದೆ. ಭೂತಗನ್ನಡಿ ಕೊಟ್ಟೆ. ಅವಳು ತುಂಬ ಹೊತ್ತು ನೋಡಿದಳು.

"ಎಡಗೈಲಿ ಬರುತ್ತಾ ನಿಂಗೆ?" ಎಂದೆ.

"ಮಧ್ಯಾಹ್ನ ನೀವು ಗೊರಕೆ ಹೊಡೀತೀರಲ್ಲ ಅಪ್ಪ, ಆ ಒಂದು ಗಂಟೆ ಎಡಗೈದು."

"ಇಷ್ಟು ವರ್ಷ? ನನ್ನ ಕಣ್ಣಿಗೆ ಮಣ್ಣೆರಚಿ?"

"ಕಟ್ಟಿದ್ದು ನೀವು. ಬಿಚ್ಚಿದ್ದು ಅಮ್ಮ."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಕೂತು ಚಾಕು ಎತ್ತಿಕೊಂಡಿದ್ದಳು. ಅವಳ ಎಡಗೈ ಆ ಇಕ್ಕಟ್ಟಿನೊಳಗೆ ತನ್ನ ಮನೆಯೊಳಗೆ ಹೋದಷ್ಟು ಸರಾಗವಾಗಿ ಹೋಯಿತು. ಗೀರಿನ ಪಕ್ಕ ಗೀರು ಬಿದ್ದವು, ಹಳೆಯವುಗಳ ಮೇಲೇ, ಅದೇ ಓರೆ, ಅದೇ ಆಳ. ತಂತಿಯಿಟ್ಟಳು, ಬಡಿದಳು, ನಯವಾದ ಕಲ್ಲಿನಿಂದ ಉಜ್ಜಿದಳು. ಕಿಟಕಿಯ ಬಿಸಿಲು ಬಳ್ಳಿಯ ಮೇಲೆ ಹರಿದು, ಹೊಸ ಎಲೆಯ ಹತ್ತಿರ ಬಂದು, ಎಲ್ಲೂ ತಡೆಯದೆ ಮುಂದಕ್ಕೆ ಹೋಯಿತು. ಆ ಬಳ್ಳಿ ಕೂರಿಸಿದ ಹಿರಿಯರೇ ಎದ್ದು ಬಂದು ನನ್ನ ಮೇಜಿನ ಮುಂದೆ ಕೂತಿದ್ದಾರೆ ಅನ್ನಿಸಿತು. ಅವರಿಗೆ ನನ್ನ ಮಗಳ ಮುಖವಿತ್ತು.

ಅವಳು ಎರಡನೇ ಎಲೆಗೆ ಗೀರು ಶುರು ಮಾಡಿದಳು. ನಾನು ಇನ್ನಷ್ಟು ಬಗ್ಗಿದೆ.

"ಅಪ್ಪ, ಆ ಕಡೆ ಹೋಗಿ ಅಳಿ. ಕಣ್ಣೀರು ಬಿದ್ರೆ ಉಕ್ಕು ತುಕ್ಕು ಹಿಡಿಯುತ್ತೆ."

ಹಿಂದಕ್ಕೆ ಸರಿದು ಮುಖ ಒರೆಸಿಕೊಂಡೆ. "ತಪ್ಪಾಯ್ತು ಕಣಮ್ಮ," ಎಂದೆ.

ಅವಳು ತಲೆ ಎತ್ತಲಿಲ್ಲ.

"ಆಮೇಲೆ ಹೇಳಿ," ಎಂದಳು. "ಈಗ ಕೈ ನಡೀತಾ ಇದೆ."